ಹದಿನೇಳನೇ ಬೆಂಚಿನ ಮೂರನೇ ಜಾಗ

ಮೂವತ್ತು ವರ್ಷಕ್ಕೂ ಮೇಲೆ ನಾನು ಬೆಳಗಿನ ತಿಂಡಿಯನ್ನು ಎಡಗೈಯಲ್ಲಿ ತಿಂದವನು. ಉಪ್ಪಿಟ್ಟಾದರೂ ಅಷ್ಟೇ, ದೋಸೆಯಾದರೂ ಅಷ್ಟೇ. ಬಲಗೈಗೆ ನನ್ನವ್ವ ಹೊಲಿದುಕೊಟ್ಟಿದ್ದ ಉಣ್ಣೆಯ ಚೀಲ ತೊಡಿಸಿ, ಅದನ್ನು ಹೊಟ್ಟೆಗೆ ಒತ್ತಿಕೊಂಡು, ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದೆ. ಊರಿಗೆ ಹೊಸದಾಗಿ ಬಂದವರು ನೋಡಿ, ಪಾಪ, ಈ ಮನುಷ್ಯನಿಗೆ ಕೈಗೆ ಏನೋ ಆಗಿದೆ ಎಂದು ಮರುಗುತ್ತಿದ್ದರು. ಊರವರಿಗೆ ಗೊತ್ತಿತ್ತು. ಅವರಿಗೆ ನಾನು ಕೈಮಾಮ. ಕೈಮಾಮನ ಬಲಗೈ ಹತ್ತು ಗಂಟೆಯವರೆಗೆ ಬಿಸಿಯನ್ನೂ ಮುಟ್ಟಬಾರದು, ತಣ್ಣಗಿದ್ದದ್ದನ್ನೂ ಮುಟ್ಟಬಾರದು. ಹತ್ತು ಗಂಟೆಗೆ ಅದಕ್ಕೆ ಕೆಲಸವಿತ್ತು.

ನನ್ನ ಹೆಸರು ಸಿಮಿಯೋನ. ನಮ್ಮೂರಿನ ಕ್ರಿಸ್ತೀಯ ಕಾಲೇಜಿನಲ್ಲಿ ಚಾಪೆಲಿನ ಹಾಜರಿ ತೆಗೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ನನಗಿಂತ ಮೊದಲು ನನ್ನವ್ವ ರಾಹೇಲಮ್ಮ ಅದನ್ನೇ ಮಾಡಿದ್ದಳು. ಚಾಪೆಲಿನಲ್ಲಿ ಹಲಸಿನ ಮರದ ನಲವತ್ತು ಬೆಂಚು, ಬೆಂಚಿಗೆ ಐದು ಜಾಗ, ಪ್ರತಿ ಜಾಗಕ್ಕೂ ಬಿಳಿ ಬಣ್ಣದಲ್ಲಿ ಬರೆದ ನಂಬರು. ಬೆಳಿಗ್ಗೆ ಎಂಟಕ್ಕೆ ಗಂಟೆ ಹೊಡೆದರೆ ಹೆಚ್ಚುಕಡಿಮೆ ಇನ್ನೂರು ಮಕ್ಕಳು ಬಂದು ತಂತಮ್ಮ ನಂಬರಿನ ಮೇಲೆ ಕೂರಬೇಕು. ಒಂದು ಕೀರ್ತನೆ, ಒಂದು ವಾಕ್ಯ, ಅಯ್ಯನವರ ಹತ್ತು ನಿಮಿಷದ ಪ್ರಸಂಗ, ಆಮೇಲೆ ಐದು ನಿಮಿಷ ಮೌನ ಪ್ರಾರ್ಥನೆ. ಅಯ್ಯನವರು ಅಂದರೆ ನಮ್ಮ ಚಾಪೆಲಿನ ಪಾದ್ರಿ. ಅವರ ಹತ್ತು ನಿಮಿಷ ಯಾವತ್ತೂ ಹತ್ತಕ್ಕೆ ಮುಗಿದದ್ದಿಲ್ಲ, ಆ ಮಾತು ಬೇರೆ. ಎಂಟೂವರೆಗೆ ಮಕ್ಕಳು ಎದ್ದು ಕ್ಲಾಸಿಗೆ ಓಡುತ್ತಿದ್ದರು. ಸುಮ್ಮನೆ ಕೂತು ಎದ್ದವರ ಜಾಗ ಐದು ನಿಮಿಷದಲ್ಲಿ ತಣ್ಣಗಾಗುತ್ತಿತ್ತು. ಮನಸ್ಸಿಟ್ಟು ಪ್ರಾರ್ಥನೆ ಮಾಡಿದವರ ಜಾಗ ಮಧ್ಯಾಹ್ನದ ಊಟದ ಗಂಟೆಯವರೆಗೂ ಬೆಚ್ಚಗಿರುತ್ತಿತ್ತು. ಹತ್ತು ಗಂಟೆಗೆ ನಾನು ಚೀಲ ಕಳಚಿ ಒಂದೊಂದು ಜಾಗದ ಮೇಲೂ ಅಂಗೈ ಇಟ್ಟು ನೋಡಿ, ಹಾಜರಿ ಪುಸ್ತಕದಲ್ಲಿ 'ಬೆ' ಎಂದೋ 'ತ' ಎಂದೋ ಬರೆಯುತ್ತಿದ್ದೆ.

ನೂರು ದಿನಕ್ಕೆ ನಲವತ್ತು ದಿನವಾದರೂ 'ಬೆ' ಇಲ್ಲದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ. ಅವ್ವನ ಕಾಲದಲ್ಲಿ ಅದು ಎಪ್ಪತ್ತೈದಿತ್ತಂತೆ. ಒಂದು ವರ್ಷ ಆಗಿನ ಅಯ್ಯನವರ ಮಗನಿಗೇ ಹಾಲ್ ಟಿಕೆಟ್ ಸಿಗದೆ ಹೋಗಿ, ಆಡಳಿತ ಮಂಡಳಿಯವರು ಕೂತು ಚರ್ಚೆ ಮಾಡಿ, ದೇವರು ದಯಾಮಯನು ಎಂದು ನಲವತ್ತಕ್ಕೆ ಇಳಿಸಿದರಂತೆ.

ಮಕ್ಕಳು ಮಾಡದ ಆಟವಿಲ್ಲ. ಬಿಸಿನೀರಿನ ರಬ್ಬರ್ ಚೀಲ ತಂದು ಅದರ ಮೇಲೆ ಕೂತವರಿದ್ದರು. ಹಾಸ್ಟೆಲಿನ ಇಡ್ಲಿ ಪಾತ್ರೆಯನ್ನೇ ತಂದು ಬೆಂಚಿನ ಮೇಲಿಟ್ಟವರೂ ಇದ್ದರು. ಆ ಬಿಸಿಯೇ ಬೇರೆ, ಈ ಬಿಸುಪೇ ಬೇರೆ. ಇದು ಮಗುವನ್ನು ಎತ್ತಿಕೊಂಡ ಮೇಲೆ ತೊಟ್ಟಿಲ ಬಟ್ಟೆಯಲ್ಲಿ ಉಳಿಯುತ್ತದಲ್ಲ, ಅಂಥದ್ದು. ಎಲ್ಲರ ಕೈಗೂ ಸಿಗುವಂಥದ್ದಲ್ಲ. ಕೆಮಿಸ್ಟ್ರಿ ಮೇಷ್ಟ್ರು ಒಂದು ಸಲ ಥರ್ಮಾಮೀಟರ್ ತಂದು ಅರ್ಧ ದಿನ ಒದ್ದಾಡಿ, ಎಲ್ಲ ಜಾಗವೂ ಒಂದೇ ಡಿಗ್ರಿ ಎಂದು ಬರೆದುಕೊಂಡು ಹೋದರು. ಮೇಷ್ಟ್ರುಗಳ ಸಾಲಿನಲ್ಲಿದ್ದ ಅವರ ಕುರ್ಚಿ ಅವತ್ತೂ ತಣ್ಣಗೇ ಇತ್ತು. ಯಾವ ಜಾತಿ, ಯಾವ ಮತ ಎಂದು ಹಲಗೆ ಕೇಳುತ್ತಿರಲಿಲ್ಲ. ಕಾಮರ್ಸಿನ ಗೌಸ್ ಎಂಬ ಹುಡುಗ ಮೂರು ವರ್ಷವೂ ಬೆಚ್ಚಗಿದ್ದ. ಮೈ ಬಂದು ಕೂರಲೇಬೇಕು ಎಂದೂ ಇರಲಿಲ್ಲ. ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದ ಹುಡುಗಿ ಅಲ್ಲಿಂದಲೇ ಪ್ರಾರ್ಥನೆ ಮಾಡಿದರೆ ಇಲ್ಲಿ ಅವಳ ನಂಬರು ಬೆಚ್ಚಗಾಗುತ್ತಿತ್ತು. ಪರೀಕ್ಷೆ ಹತ್ತಿರ ಬಂದರಂತೂ ಚಾಪೆಲಿಗೆ ಚಾಪೆಲೇ ಬೆಚ್ಚಗೆ. ಮದುವೆ ಮಾತಿಗೆ ಬಂದವರು ನನ್ನ ಮನೆ ಬಾಗಿಲಿಗೆ ಬಂದು, "ಹುಡುಗಿ ಎಷ್ಟು ಪರ್ಸೆಂಟ್ ಬೆಚ್ಚಗಿದಾಳೆ ಮಾಮ?" ಎಂದು ಕೇಳಿಕೊಂಡು ಹೋಗುತ್ತಿದ್ದರು. ನಾನು ಮೀಸೆ ತಿರುವಿಕೊಂಡು, "ಚಾಪೆಲಿನ ಗುಟ್ಟು ಹೇಳಬಾರದು" ಎನ್ನುತ್ತಿದ್ದೆ. ಆಮೇಲೆ ಹೇಳುತ್ತಿದ್ದೆ.

ಮಧ್ಯದಲ್ಲಿ ಕಾಲೇಜು ಬಿಟ್ಟುಹೋದವರ ಜಾಗವನ್ನು ಇನ್ನೊಬ್ಬರಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅವರು ಯಾವತ್ತಾದರೂ ವಾಪಸು ಬಂದು ಓದು ಮುಗಿಸಲಿ ಎಂದು ಖಾಲಿ ಬಿಡುತ್ತೇವೆ. ಅಂಥ ಜಾಗ ಚಾಪೆಲಿನಲ್ಲಿ ಮೂರೋ ನಾಲ್ಕೋ ಇದ್ದವು. ಈಗ ನಾನು ಹೇಳಹೊರಟಿರುವುದು ಅದರಲ್ಲಿ ಒಂದರ ಕಥೆ. ಹೇಳದೆ ಇದ್ದರೆ ನನಗೇ ಒಳ್ಳೆಯದಿತ್ತು.

ನನಗೆ ಐವತ್ತೇಳು ತುಂಬಿದ ವರ್ಷ, ಒಂದು ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಲುದ್ಯ ನನ್ನ ಬಲಗೈ ಹಿಡಿದು, "ಇದೇನ್ರೀ ಇದು?" ಎಂದಳು. ಅಂಗೈಯಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು. ಸಾರಿನ ಪಾತ್ರೆಯನ್ನು ಒಲೆಯಿಂದ ನಾನೇ ಇಳಿಸಿದ್ದೆ, ಬಟ್ಟೆ ಹಿಡಿಯಲು ಮರೆತಿದ್ದೆ, ಸುಟ್ಟದ್ದು ಗೊತ್ತೇ ಆಗಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನನ್ನ ಅಂಗೈಗೆ ಹೆಂಡತಿ ಕನ್ನಡಿಯಾಗಬೇಕಾಯಿತು. ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ನರ ಸತ್ತಿವೆ, ಕೈಯಲ್ಲೂ ಪಾದದಲ್ಲೂ, ಇನ್ನು ಅದು ಬರುವುದಿಲ್ಲ ಎಂದರು. ಸತ್ಯ ಹೇಳಬೇಕೆಂದರೆ ನನಗೆ ಅದಕ್ಕಿಂತ ಆರೇಳು ತಿಂಗಳು ಮೊದಲೇ ಅನುಮಾನ ಬಂದಿತ್ತು. ಬೆಂಚುಗಳು ಒಂದೊಂದಾಗಿ ಮಂಕಾಗುತ್ತಿದ್ದವು. ಮಕ್ಕಳಲ್ಲಿ ಭಕ್ತಿ ಕಡಿಮೆಯಾಯಿತು, ಕಾಲ ಕೆಟ್ಟಿತು ಎಂದು ನಾನು ಕಾಲವನ್ನು ಬೈದುಕೊಂಡಿದ್ದೆ.

"ಹೋಗಿ ಪ್ರಿನ್ಸಿಪಾಲ್ ಮೇಡಂಗೆ ಹೇಳ್ಬಿಡಿ," ಎಂದಳು ಲುದ್ಯ.

"ಏನಂತ ಹೇಳ್ಲಿ? ಕೈ ಸತ್ತೋಗಿದೆ ಅಂತಲಾ?"

"ಕೈ ಸತ್ರೆ ಸಾಯ್ಲಿ, ಬಾಯಿ ಬದುಕಿದ್ಯಲ್ಲ. ಅದ್ರಲ್ಲಿ ಹೇಳಿ."

ನಾನು ಹೇಳಲಿಲ್ಲ. ಕೆಲಸ ಹೋದೀತು, ಕಾಲೇಜಿನ ಮನೆ ಬಿಡಬೇಕಾದೀತು ಎಂಬ ಹೆದರಿಕೆ ಇತ್ತು. ಆದರೆ ಹೆದರಿಕೆ ಎರಡನೆಯದು, ಬಿಂಕ ಮೊದಲನೆಯದು. ರಾಹೇಲಮ್ಮನ ಕೈ ಮಗನಿಗೆ ಬಂದಿದೆ ಎಂದು ಊರೆಲ್ಲ ಆಡಿಕೊಂಡ ಮಾತನ್ನು ನಾನು ಮೂವತ್ತು ವರ್ಷ ಕೋಟಿನ ಹಾಗೆ ತೊಟ್ಟುಕೊಂಡು ತಿರುಗಿದ್ದೆ. ಇಷ್ಟು ವರ್ಷ ನೋಡಿದವನಿಗೆ ಕೈ ಬೇಕೇ, ಮುಖ ನೋಡಿದರೆ ಸಾಲದೇ ಎಂದುಕೊಂಡೆ. ಅವತ್ತಿನಿಂದ ಪ್ರಾರ್ಥನೆಯ ಹೊತ್ತಿನಲ್ಲಿ ಹಿಂದಿನ ಬಾಗಿಲ ಹತ್ತಿರ ನಿಂತು ಮಕ್ಕಳನ್ನು ನೋಡತೊಡಗಿದೆ. ಯಾರು ಕಣ್ಣು ಮುಚ್ಚಿದ್ದಾರೆ, ಯಾರು ಬಾಯಿ ತೆರೆದು ಹಾಡುತ್ತಾರೆ, ಯಾರ ತುಟಿ ಅಲ್ಲಾಡುತ್ತದೆ. ಹತ್ತು ಗಂಟೆಗೆ ಶಾಸ್ತ್ರಕ್ಕೆ ಚೀಲ ಕಳಚಿ, ಶಾಸ್ತ್ರಕ್ಕೆ ಹಲಗೆ ಮುಟ್ಟಿ, ನೋಡಿದ್ದನ್ನು ಬರೆಯುತ್ತಿದ್ದೆ. ಮುಖ ನೋಡಿ ಮಣೆ ಹಾಕುವವರನ್ನು ಜೀವಮಾನವೆಲ್ಲ ಹಳಿದವನು ನಾನು. ಕೊನೆಗೆ ನನ್ನ ಉದ್ಯೋಗವೇ ಅದಾಯಿತು.

ಮೊದಲ ಬೆಂಚಿನಲ್ಲಿ ಎಬಿನೇಜರ್ ಎಂಬ ಹುಡುಗ ಕೂರುತ್ತಿದ್ದ. ಅಂಗೈ ಮೇಲೆ ಮಾಡಿ, ತಲೆ ಬಾಗಿಸಿ, ಮೌನ ಪ್ರಾರ್ಥನೆಯಲ್ಲೂ ಪಕ್ಕದವರಿಗೆ ಕೇಳಿಸುವ ಹಾಗೆ ಉಸಿರು ಬಿಡುವವನು. ಅವನಿಗೆ ವರ್ಷವಿಡೀ 'ಬೆ' ಬರೆದೆ. ಹದಿನೇಳನೇ ಬೆಂಚಿನ ಮೂರನೇ ಜಾಗದಲ್ಲಿ ಕೆಜಿಯಾ ಕೂರುತ್ತಿದ್ದಳು. ಆ ವರ್ಷವೇ ಕಾಲೇಜಿಗೆ ಸೇರಿದವಳು, ನನ್ನ ಕೈಗೆ ಜೀವವಿದ್ದಾಗ ಅವಳು ಕೂತ ಜಾಗವನ್ನು ಅದು ಒಮ್ಮೆಯೂ ಮುಟ್ಟಿರಲಿಲ್ಲ. ಕೀರ್ತನೆ ಅರ್ಧ ಮುಗಿದ ಮೇಲೆ ಚಪ್ಪಲಿ ಎಳೆದುಕೊಂಡು ಬರುವಳು. ತಲೆಗೂದಲು ಒದ್ದೆ. ಹಾಡುವುದಿಲ್ಲ. ಅಯ್ಯನವರ ಪ್ರಸಂಗ ಶುರುವಾಗುತ್ತಿದ್ದ ಹಾಗೆ ಮುಂದಿನ ಬೆಂಚಿನ ಬೆನ್ನಿಗೆ ಹಣೆ ಹಚ್ಚಿ, ಒಂದು ಕಾಲು ಅಲ್ಲಾಡಿಸುತ್ತಾ, ಕಡೆಯ ಆಮೆನ್‌ವರೆಗೂ ಹಾಗೇ ಇರುವಳು. ನಿದ್ದೆ ಮಾಡುತ್ತಾಳೆ ಎಂದುಕೊಂಡೆ. ತಾಯಿಗೆ ಕಾಯಿಲೆ, ಈ ಹುಡುಗಿಯೇ ಆಸ್ಪತ್ರೆಯಲ್ಲಿ ಕಾಯುತ್ತಾಳೆ ಎಂದು ಯಾರೋ ಹೇಳಿದ್ದರು. ಆಗಲೂ, ಪಾಪ, ನಿದ್ದೆ ಮಾಡಲಿ ಎಂದುಕೊಂಡೆನೇ ಹೊರತು ಬೇರೇನೂ ತಲೆಗೆ ಹೊಳೆಯಲಿಲ್ಲ. 'ತ' ಎಂದು ಬರೆದೆ. ನಾಳೆಯೂ 'ತ', ನಾಡಿದ್ದೂ 'ತ'.

ಹಾಲ್ ಟಿಕೆಟಿನ ಪಟ್ಟಿ ಹಾಕಿದ ದಿನ, ಹತ್ತೂವರೆ ಹೊತ್ತಿಗೆ, ನಾನು ಚಾಪೆಲಿನಲ್ಲಿ ಒಬ್ಬನೇ ಇದ್ದಾಗ ಕೆಜಿಯಾ ಬಂದಳು. ಹಾಜರಿ ನೋಡುವ ಹೊತ್ತಿನಲ್ಲಿ ಮಕ್ಕಳು ಒಳಗೆ ಬರಬಾರದು. ಬಾಗಿಲಲ್ಲೇ ನಿಂತು ಕರೆದಳು.

"ಕೈಮಾಮ, ನನ್ ಹೆಸ್ರು ಪಟ್ಟೀಲಿಲ್ಲ."

"ಹಾಜರಿ ಸಾಲ್ದಮ್ಮ."

"ದಿನಾ ಬಂದಿದೀನಲ್ಲ ಮಾಮ. ಅಮ್ಮನ್ನ ಮಣ್ಣು ಮಾಡಿದ ಮಾರನೇ ದಿನವೂ ಬಂದಿದೀನಿ."

"ಬರೋದು ಬೇರೆ, ಪ್ರಾರ್ಥನೆ ಮಾಡೋದು ಬೇರೆ ಅಲ್ವೇನಮ್ಮ," ಎಂದೆ. ಹೀಗೆ ಉಪದೇಶ ಮಾಡಿದ್ದು ಇದೇ ನನ್ನ ನಾಲಗೆ.

ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. "ಮಾಡಿದೀನಿ ಮಾಮ. ಇವತ್ತು ಬೆಳಿಗ್ಗೇನೂ ಮಾಡಿದೀನಿ. ಒಂದೇ ಒಂದ್ಸಲ ನನ್ನೆದುರಿಗೆ ಕೈಯಿಟ್ಟು ನೋಡಿ. ತಣ್ಣಗಿದ್ರೆ ನಾನಿನ್ನೇನೂ ಕೇಳಲ್ಲ, ಹೋಗ್ತೀನಿ," ಎಂದಳು.

ಒಳಗೆ ಕರೆದೆ. ಹದಿನೇಳನೇ ಬೆಂಚಿನ ಹತ್ತಿರ ಹೋದೆವು. ನಾನು ಹಾಜರಿ ಪುಸ್ತಕ ಬಿಡಿಸಿ ಅವಳ ಹೆಸರು ಹುಡುಕುವಾಗ ಅವಳು ಬಗ್ಗಿ ಬೆಂಚಿನ ಹತ್ತಿರ ಏನೋ ಮಾಡುತ್ತಿದ್ದಳು. ಧೂಳು ಒರೆಸುತ್ತಿದ್ದಾಳೆ ಎಂದುಕೊಂಡೆ. ನಾನು ಚೀಲ ಕಳಚಿ ಅಂಗೈಯನ್ನು ಮೂರನೇ ನಂಬರಿನ ಮೇಲಿಟ್ಟೆ. ಬಿಸಿಯಿರಲಿ, ಅಲ್ಲಿ ಮರವಿದೆ ಎಂಬುದೂ ಕೈಗೆ ತಿಳಿಯಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ. ಅವಳು ನನ್ನ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ಗೊತ್ತಾಗಲಿಲ್ಲ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಒಂದೇ ಮಾತು.

"ತಣ್ಣಗಿದೆ," ಎಂದೆ.

"ಸರಿಯಾಗಿ ನೋಡಿದ್ರಾ ಮಾಮ?"

"ಮೂವತ್ತು ವರ್ಷದ ಕೈ ಇದು."

ಅವಳು ಪುಸ್ತಕದ ಕಡೆ ಕೈ ತೋರಿಸಿ, "ಆಗಸ್ಟ್ ಎರಡನೇ ವಾರ ಏನಿದೆ ನೋಡಿ. ಅಮ್ಮ ದೊಡ್ಡಾಸ್ಪತ್ರೇಲಿ ಇದ್ರಲ್ಲ, ಆ ವಾರ," ಎಂದಳು. ಹಾಳೆ ತಿರುವಿದೆ. ಸೋಮವಾರದಿಂದ ಶನಿವಾರದವರೆಗೆ ಆರೂ 'ತ'. ನನ್ನದೇ ಅಕ್ಷರ, ನೀಲಿ ಶಾಯಿಯಲ್ಲಿ, ದುಂಡಗೆ. ಅವಳು ಬೆರಳಿಟ್ಟು ಒಂದೊಂದನ್ನೇ ಮುಟ್ಟಿ ನೋಡಿದಳು.

"ಹಂಗಾದ್ರೆ ಅವತ್ತೆಲ್ಲ ನಾನು ಯಾರ ಹತ್ರ ಮಾತಾಡ್ತಿದ್ದೆ ಮಾಮ?" ಎಂದಳು.

ನನ್ನನ್ನು ಚುಚ್ಚಲು ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ನನಗೆ ಗೊತ್ತಿರಬಹುದು ಎಂದು ಕೇಳಿದ್ದು. ನಾನು ಪುಸ್ತಕ ಮುಚ್ಚಿದೆ. ಅವಳು ತಲೆಯಾಡಿಸಿ, ಸೆರಗಿನಂತೆ ಹೆಗಲ ಮೇಲಿದ್ದ ದುಪಟ್ಟಾ ಸರಿಮಾಡಿಕೊಂಡು, ಚಪ್ಪಲಿ ಎಳೆದುಕೊಂಡು ಹೊರಟಳು. ಆ ಸದ್ದು ಮೆಟ್ಟಿಲು ಇಳಿದು, ಅಂಗಳ ದಾಟಿ, ಗೇಟಿನ ಹತ್ತಿರ ಹೋಗುವವರೆಗೂ ಕೇಳಿಸುತ್ತಿತ್ತು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕೂತವನು ತಲೆ ಎತ್ತಿ ಹಿಡಿಯಲಾರದೆ ಬೆಂಚಿನ ಮೇಲೆ ಒರಗಿದೆ, ಕೆನ್ನೆ ಮರಕ್ಕೆ ತಾಗಿತು. ಕೈಯ ನರ ಸತ್ತಿದ್ದವು, ಕೆನ್ನೆಯದು ಬದುಕಿತ್ತು. ಆ ಜಾಗ ಬೆಚ್ಚಗಿತ್ತು. ಬೆಚ್ಚಗೆ ಎಂದರೆ ನನ್ನ ಅಷ್ಟು ವರ್ಷದ ಕೆಲಸದಲ್ಲಿ ಅಂಥ ಬಿಸುಪನ್ನು ನಾನು ಒಂದೋ ಎರಡೋ ಸಲ ಕಂಡಿರಬೇಕು. ಎದ್ದು ಓಡಿಹೋಗಿ ಮೊದಲ ಬೆಂಚಿಗೆ ಕೆನ್ನೆ ಹಚ್ಚಿದೆ, ಎಬಿನೇಜರ್‌ನ ಜಾಗ ಸಿಮೆಂಟಿನ ಹಾಗೆ ತಣ್ಣಗಿತ್ತು. ಮತ್ತೆ ಹದಿನೇಳಕ್ಕೆ ಬಂದೆ. ಬೆಚ್ಚಗೇ ಇತ್ತು.

ಆಗ ಓಡಿದ್ದರೆ ಗೇಟಿನ ಹತ್ತಿರ ಸಿಗುತ್ತಿದ್ದಳು. ನಾನು ಓಡಲಿಲ್ಲ. ನಾಳೆ ಹೇಳಿದರಾಯಿತು, ಹಾಲ್ ಟಿಕೆಟಿಗೆ ಇನ್ನೂ ಮೂರು ದಿನವಿದೆ ಎಂದುಕೊಂಡೆ. ಎರಡನೇ ದಿನ ಪ್ರಿನ್ಸಿಪಾಲ್ ಸುಜ್ಞಾನ ಮೇಡಂ ಅವರ ಕೋಣೆಯವರೆಗೂ ಹೋದೆ. ಹೊರಗೆ ನಿಂತಿದ್ದವನನ್ನು ಅವರೇ ಕರೆದರು. "ಏನು ಸಿಮಿಯೋನ, ಏನಾದ್ರೂ ಹೇಳೋದಿತ್ತಾ?" ಎಂದರು. ಮೇಜಿನ ಮೇಲೆ ಹಾಜರಿ ಪುಸ್ತಕ ಇತ್ತು. ಬಾಯಿ ತೆರೆದರೆ ಅದರಲ್ಲಿರುವ ಇನ್ನೂರು ಮಕ್ಕಳ ವರ್ಷವೆಲ್ಲ ಸುಳ್ಳಾಗುತ್ತಿತ್ತು. ನಾನೂ, ಸತ್ತುಹೋದ ನನ್ನವ್ವನೂ ಸುಳ್ಳಾಗುತ್ತಿದ್ದೆವು ಎಂದು ನನಗೆ ಅನ್ನಿಸಿತು.

"ಚಾಪೆಲಿನ ಎಡಗಡೆ ಫ್ಯಾನು ಸದ್ದು ಮಾಡ್ತಿದೆ ಮೇಡಂ," ಎಂದೆ.

ಅವರು ಬರೆದುಕೊಂಡರು. ಫ್ಯಾನು ಆ ವಾರವೇ ರಿಪೇರಿಯಾಯಿತು.

ಮೇಡಂ ಒಳ್ಳೆಯವರು. ಕೆಜಿಯಾಳನ್ನು ಕರೆಸಿ, ಇನ್ನೊಂದು ವರ್ಷ ಕೂತು ಓದಮ್ಮ, ಹಾಸ್ಟೆಲಿನಲ್ಲಿ ಇರು, ನಾನು ನೋಡಿಕೊಳ್ಳುತ್ತೇನೆ ಎಂದರಂತೆ. "ನಂಗೆ ಅದು ಬರಲ್ಲ ಮೇಡಂ. ಬರತ್ತೆ ಅಂದ್ಕೊಂಡಿದ್ದೆ," ಎಂದು ಹೇಳಿ ಹೋದಳಂತೆ. ಪಾಠ ಬರುವುದಿಲ್ಲ ಎಂದು ಮೇಡಂ ತಿಳಿದರು. ಅವಳು ಹೇಳಿದ್ದು ಪ್ರಾರ್ಥನೆಯ ಮಾತು ಎಂದು ನನಗೊಬ್ಬನಿಗೇ ಗೊತ್ತಿತ್ತು.

ಅವಳು ಊರು ಬಿಟ್ಟು ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಬೇಕರಿಯಲ್ಲಿ ಕೆಲಸಕ್ಕೆ ಸೇರಿದಳು. ಹದಿನೇಳರ ಮೂರು ಖಾಲಿ ಉಳಿಯಿತು. ಮಾರನೇ ದಿನದಿಂದ ನಾನು ಬಲಗೈ ಬಿಟ್ಟು ಕೆನ್ನೆಯಿಂದ ಹಾಜರಿ ನೋಡತೊಡಗಿದೆ. ಒಂದೊಂದು ಬೆಂಚಿಗೂ ಮೊಣಕಾಲೂರಿ, ಒಂದೊಂದು ಜಾಗಕ್ಕೂ ಬಾಗಿ, ಇನ್ನೂರು ಸಲ ಎದ್ದು ಕೂತು ಮಾಡುವಷ್ಟರಲ್ಲಿ ಊಟದ ಗಂಟೆ ಹೊಡೆಯುತ್ತಿತ್ತು. ಕಿಟಕಿಯಿಂದ ನೋಡಿದ ಅಯ್ಯನವರು ಒಂದು ದಿನ ಪ್ರಸಂಗದಲ್ಲಿ, "ನಮ್ಮ ಸಿಮಿಯೋನನನ್ನು ನೋಡಿ ಕಲಿಯಿರಿ. ಈ ವಯಸ್ಸಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಜಾಗದಲ್ಲೂ ಮೊಣಕಾಲೂರಿ ಪ್ರಾರ್ಥಿಸುತ್ತಾನೆ," ಎಂದು ಹೊಗಳಿದರು. ಇನ್ನೂರು ಮಕ್ಕಳು ಹಿಂದೆ ತಿರುಗಿ ನನ್ನನ್ನು ನೋಡಿದರು. ನಾನು ನೆಲ ನೋಡಿಕೊಂಡು ನಿಂತಿದ್ದೆ, ಅದನ್ನು ಅವರು ವಿನಯ ಎಂದುಕೊಂಡರು.

ಅಲ್ಲಿಂದ ಮುಂದೆ ಎರಡು ವರ್ಷ ನನ್ನ ಹಾಜರಿ ಪುಸ್ತಕದಲ್ಲಿ ಒಂದು ತಪ್ಪೂ ಇರಲಿಲ್ಲ. ಯಾರಿಗೆ ಸರಿಮಾಡಬೇಕಿತ್ತೋ ಅವಳ ಹೆಸರು ಅದರಲ್ಲಿ ಇರಲಿಲ್ಲ. ಪ್ರತಿದಿನ ಹದಿನೇಳರ ಮೂರಕ್ಕೂ ಕೆನ್ನೆ ಹಚ್ಚುತ್ತಿದ್ದೆ. ಜ್ವರದಲ್ಲಿ ಮಲಗಿದ್ದ ಹುಡುಗಿಯ ಜಾಗ ಬೆಚ್ಚಗಾಗುತ್ತಿತ್ತಲ್ಲ, ಹಾಗೆ ಕೆಜಿಯಾ ಎಲ್ಲಿಂದಾದರೂ, ಬೇಕರಿಯ ಒಲೆಯ ಮುಂದಿನಿಂದಾದರೂ ಒಂದು ಮಾತು ಆಡಿದರೆ ಇಲ್ಲಿ ಗೊತ್ತಾಗಬೇಕು. ಗೊತ್ತಾಗಲಿಲ್ಲ. ನಾನು ನಿವೃತ್ತನಾದ ಮೇಲೆ ಚಾಪೆಲಿನ ಬಾಗಿಲಿಗೆ ಒಂದು ಯಂತ್ರ ತಂದು ಹಾಕಿದರು, ಹೆಬ್ಬೆರಳು ಒತ್ತಿದರೆ ಥ್ಯಾಂಕ್ಯೂ ಎನ್ನುತ್ತದೆ. ಹಾಜರಿ ಪುಸ್ತಕವನ್ನು ಗೋದಾಮಿಗೆ ಹಾಕಿದರು. ಬೆಂಚುಗಳು ಹಾಗೇ ಇವೆ, ಯಾರೂ ಮುಟ್ಟಿ ನೋಡುವುದಿಲ್ಲ. ಕಾವಲುಗಾರ ಹಳೆಯ ಪರಿಚಯದವನು, ಹತ್ತು ಗಂಟೆಗೆ ನನ್ನನ್ನು ಒಳಗೆ ಬಿಡುತ್ತಾನೆ. ಹೀಗೆ ಒಟ್ಟು ಹನ್ನೊಂದು ವರ್ಷ ನೋಡಿದೆ. ಬಸ್ ಸ್ಟ್ಯಾಂಡಿಗೆ ಹೋಗಬೇಕಾದರೆ ಮಾತ್ರ ಬೇಕರಿಯ ಬೀದಿ ಬಿಟ್ಟು ಮಾರ್ಕೆಟ್ಟನ್ನು ಸುತ್ತಿಹಾಕಿ ಹೋಗುತ್ತಿದ್ದೆ.

ಹೋದ ತಿಂಗಳು ನನ್ನ ಎಡಗಾಲಿನ ಎರಡು ಬೆರಳು ತೆಗೆದರು. ಆಸ್ಪತ್ರೆಯ ಮಂಚದ ಪಕ್ಕ ಕೂತು ಲುದ್ಯ ಕಿತ್ತಳೆ ಸುಲಿಯುತ್ತಿದ್ದಳು. ಅವಳಿಗೆ ನಾನು ಕೆಜಿಯಾಳ ವಿಷಯ ಹೇಳಿರಲೇ ಇಲ್ಲ. ಅವತ್ತು ಹೇಳಿದೆ. ಅವಳು ಕಿತ್ತಳೆ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. "ಕೈ ಹೋಯ್ತು, ಈಗ ಕಾಲೂ ಹೋಗ್ತಿದೆ," ಎಂದಳು. "ಬಾಯಿ ಇನ್ನೂ ಇದೆ. ಅದೂ ಹೋಗೋದ್ರೊಳಗೆ ಎದ್ದು ಹೋಗಿ ಹೇಳಿ."

ಕೋಲೂರಿಕೊಂಡು ಹೋದೆ. ಬೇಕರಿಯ ಹಿಂಭಾಗದಲ್ಲಿ ಸೌದೆಯ ದೊಡ್ಡ ಒಲೆ. ಅದರ ಮುಂದೆ ಕೆಜಿಯಾ, ತಲೆಗೆ ಬಟ್ಟೆ ಕಟ್ಟಿಕೊಂಡು, ಸ್ವಲ್ಪ ದಪ್ಪಗಾಗಿದ್ದಳು. ಬ್ರೆಡ್ಡಿನ ತಟ್ಟೆ ಹಿಡಿದು ನಿಂತಿದ್ದ ಕೆಲಸದ ಹುಡುಗ, "ಅಕ್ಕ, ಹಾಕ್ಲಾ?" ಎಂದು ಕೇಳಿದ. ಅವಳು ಒಲೆಯ ಬಾಯಿಗೆ ಅಂಗೈ ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ತಡೆದು, "ಇನ್ನೊಂದೈದು ನಿಮಿಷ," ಎಂದಳು. ಆ ನಿಲ್ಲುವ ಭಂಗಿಯನ್ನು ನಾನು ಬಲ್ಲೆ. ನನ್ನವ್ವ ಹಾಗೆ ನಿಲ್ಲುತ್ತಿದ್ದಳು.

ನನ್ನನ್ನು ಗುರುತು ಹಿಡಿದಳು. "ಬನ್ನಿ ಮಾಮ," ಎಂದು ಸ್ಟೂಲು ಹಾಕಿದಳು. ಕಾಲಿನ ಪಟ್ಟಿ ನೋಡಿ, "ಏನಾಯ್ತು?" ಎಂದಳು. ನಾನು ಕೂತು, ಬಿಡದೆ, ಎಲ್ಲ ಹೇಳಿದೆ. ಕೈ ಸತ್ತಿದ್ದು, ಮುಖ ನೋಡಿ ಬರೆದದ್ದು, ಅವಳು ಹೋದ ಮೇಲೆ ಕೆನ್ನೆ ತಾಗಿದ್ದು, ಫ್ಯಾನಿನ ಮಾತು. "ಬೆಚ್ಚಗಿತ್ತಮ್ಮ. ಅವತ್ತು ಬೆಚ್ಚಗಿತ್ತು. ಅಮ್ಮನ ವಾರವೂ ಬೆಚ್ಚಗೇ ಇದ್ದಿರಬೇಕು. ನಾನು ಸುಳ್ಳು ಹೇಳಿದೆ," ಎಂದೆ.

ಅಷ್ಟರಲ್ಲಿ ಯಾರೋ ಬಂದು ರಸ್ಕ್ ಕೇಳಿದರು. ಅವಳು ಹೋಗಿ, ತೂಕ ಮಾಡಿ ಕೊಟ್ಟು, ಬಂದು ಮತ್ತೆ ಎದುರಿಗೆ ನಿಂತಳು. ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು.

"ನಂಗೂ ಅವತ್ತು ಬೆಚ್ಚಗೇ ಅನ್ನಿಸ್ತು ಮಾಮ," ಎಂದಳು. "ನೀವು ಪುಸ್ತಕ ತೆಗೀತಿದ್ರಿ. ನಾನು ಬಗ್ಗಿ ಕೈಯಿಟ್ಟು ನೋಡಿದ್ದೆ. ಚೆನ್ನಾಗಿ ಕಾದಿತ್ತು. ನೀವು ತಣ್ಣಗಿದೆ ಅಂದ್ರಲ್ಲ, ಆಗ ನನ್ ಕೈಯೇ ಸುಳ್ಳು ಅಂದ್ಕೊಂಡೆ. ಆಸೆ ಇದ್ದೋರಿಗೆ ಹಂಗನ್ನಿಸತ್ತೆ ಅಂದ್ಕೊಂಡೆ."

ಅಂಥ ಕೈ ನಾನು ಹುಡುಕಿದ್ದರೂ ನಮ್ಮೂರಿನಲ್ಲಿ ಇನ್ನೊಂದು ಸಿಗುತ್ತಿರಲಿಲ್ಲ. ನನ್ನ ನಂತರ ಚೀಲ ತೊಡಬೇಕಾಗಿದ್ದವಳು ಅವಳು. ನಾನು ಅವಳಿಗೆ ದೇವರು ಕೇಳಲಿಲ್ಲ ಎಂದು ಮಾತ್ರ ಹೇಳಿರಲಿಲ್ಲ, ನಿನ್ನ ಕೈ ನಂಬಬೇಡ ಎಂದೂ ಹೇಳಿಕೊಟ್ಟಿದ್ದೆ.

"ಒಂದ್ಸಲ ಚಾಪೆಲಿಗೆ ಬಾರಮ್ಮ. ನಿನ್ ಜಾಗ ಹಂಗೇ ಇದೆ," ಎಂದೆ.

"ಬಂದು ಏನ್ ಮಾಡ್ಲಿ ಮಾಮ? ಏನ್ ಹೇಳ್ಬೇಕು ಅನ್ನೋದೇ ಮರ್ತೋಗಿದೆ." ಕೋಪವಿರಲಿಲ್ಲ ಅವಳ ದನಿಯಲ್ಲಿ. ಕೋಪವಿದ್ದಿದ್ದರೆ ನಾನು ಸ್ವಲ್ಪ ಹಗುರಾಗುತ್ತಿದ್ದೆನೇನೋ. ಒಲೆಯಿಂದ ಆಗತಾನೇ ತೆಗೆದ ಒಂದು ಬನ್ನು ಎತ್ತಿ ನನ್ನ ಬಲಗೈಯಲ್ಲಿಟ್ಟು, "ಸಕ್ಕರೆ ಹಾಕಿಲ್ಲ, ತಿನ್ನಿ. ಬಿಸಿ ಇದೆ, ಹುಷಾರು," ಎಂದಳು. ನಾನು ಕೈ ಕದಲಿಸದೆ ಹಿಡಿದುಕೊಂಡಿದ್ದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಬನ್ನನ್ನು ಮೆಲ್ಲಗೆ ವಾಪಸು ತೆಗೆದುಕೊಂಡು, ಕಾಗದದಲ್ಲಿ ಎರಡು ಸುತ್ತು ಸುತ್ತಿ, ನನ್ನ ಎಡಗಡೆಯ ಜೇಬಿಗೆ ಹಾಕಿದಳು.

ಮಾರನೇ ದಿನ ಎಂದಿನಂತೆ ಹತ್ತಕ್ಕೆ ಚಾಪೆಲಿಗೆ ಹೋದೆ. ಬಾಗಿಲಲ್ಲಿದ್ದ ಇಬ್ಬರು ಹುಡುಗ ಹುಡುಗಿ ದಾರಿ ಬಿಟ್ಟರು. ಹದಿನೇಳನೇ ಬೆಂಚಿನ ಮುಂದೆ ಕೋಲು ಕೆಳಗಿಟ್ಟು, ಕಷ್ಟಪಟ್ಟು ಮೊಣಕಾಲೂರಿ, ಮೂರನೇ ನಂಬರಿಗೆ ಕೆನ್ನೆ ಹಚ್ಚಿದೆ. ಬಹಳ ಹೊತ್ತು ಹಾಗೇ ಇದ್ದೆ. ಮೆಲ್ಲಮೆಲ್ಲಗೆ ಜಾಗ ಬೆಚ್ಚಗಾದಂತಾಯಿತು. ಆದರೆ ಅವ್ವ ಕಲಿಸಿದ ಕೆಲಸ ಅವ್ವ ಕಲಿಸಿದ್ದೇ. ಕೆನ್ನೆ ಎತ್ತಿ, ಗಡಿಯಾರ ನೋಡಿಕೊಂಡು ಐದು ನಿಮಿಷ ಕಾದು, ಮತ್ತೆ ಹಚ್ಚಿದೆ. ನನ್ನ ಕೆನ್ನೆಯ ಬಿಸಿಯೇ ಅದು, ಆರಿಹೋಗಿತ್ತು. ಹಾಜರಿ ಪುಸ್ತಕ ಇದ್ದಿದ್ದರೆ 'ತ' ಎಂದು ಬರೆಯಬೇಕಿತ್ತು, ಈಗ ಅದು ಸುಳ್ಳಾಗುತ್ತಿರಲಿಲ್ಲ.